ಕೊರಳಪಟ್ಟಿಯ ಮೈಕು

ಎಂ.ಎ. ತರಗತಿಯ ಮೊದಲ ಪಿರಿಯಡ್ಡಿಗೆ ಮುಂಚೆ
ಮಿಸ್ರಿಯಾ ಬಂದು ಮೇಜಿನ ಮೇಲಿಡುತ್ತಾಳೆ
ಹುಣಸೆಬೀಜದಷ್ಟು ದೊಡ್ಡ ಮೈಕು.
ನಾನದನ್ನು ಕೊರಳಪಟ್ಟಿಗೆ ಸಿಕ್ಕಿಸಿದರೆ
ಅವಳ ಫೋನಿನಲ್ಲಿ ನನ್ನ ಮಾತು
ಅಕ್ಷರವಾಗಿ ಓಡುತ್ತದೆ,
ಮಂಗಳೂರು ಪ್ಯಾಸೆಂಜರಿನ ಹಾಗೆ ತುಸು ತಡವಾಗಿ.

ಮೊದಲ ದಿನವೇ ಚೀಟಿ ಕೊಟ್ಟಿದ್ದಳು:
'ಮೀಸೆ ಸ್ವಲ್ಪ ಕತ್ತರಿಸಿ ಸರ್, ತುಟಿ ಕಾಣುವುದಿಲ್ಲ.
ಬೋರ್ಡಿಗೆ ಪಾಠ ಹೇಳಬೇಡಿ,
ಅದು ನನಗಿಂತ ಕಿವುಡು.'

ಯಂತ್ರಕ್ಕೆ ಗೊತ್ತಿರುವುದು ಪುಸ್ತಕದ ಕನ್ನಡ.
ಕಾಸರಗೋಡಿನ ಬಾಯಿಗೆ ಅಷ್ಟು ಸಾಲುತ್ತದೆಯೆ?
'ಮನಸ್ಸಿಲಾಯೋ' ಎಂದು ಕೇಳಿದರೆ
'ಮನಸಿಲ್ಲ ಅಯ್ಯೋ' ಎಂದು ಬರೆಯಿತು.
ತುಳುವಿನ 'ಅಂದತ್ತ' ಬಾಯ್ತಪ್ಪಿ ಬಂದರೆ
'ಅಂದದ ಅತ್ತೆ.'
ಪಯಸ್ವಿನಿ ಚಂದ್ರಗಿರಿಯಾಗಿ ಕಡಲು ಸೇರುವುದನ್ನು
ನಕಾಶೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದೆ;
'ಪಾಯಸ ನೀ.'
ಅವಳ ಮನೆಯ ಬ್ಯಾರಿ ಮಾತಿಗಂತೂ
ಅದರ ಪಟ್ಟಿಯಲ್ಲಿ ಹೆಸರೇ ಇಲ್ಲ.

ಶುಕ್ರವಾರ ವಾರದ ಪಾಠವನ್ನೆಲ್ಲ ಮುದ್ರಿಸಿ
ತಪ್ಪಿನ ಕೆಳಗೆ ಕೆಂಪು ಗೆರೆಯೆಳೆದು
ನನಗೇ ತಿದ್ದಲು ಕೊಡುತ್ತಾಳೆ.
ಪಾಯಸದ ಪಕ್ಕ ಕೇಳಿದ್ದಳು:
'ಬೆಲ್ಲದ್ದೋ, ಸಕ್ಕರೆಯದ್ದೋ?'

ಒಂದು ಮಂಗಳವಾರ ಮೈಕು ತೆಗೆಯಲು ಮರೆತೆ.
ಗೋಡೆಯಾಚೆಯೇ ಸ್ಟಾಫ್ ರೂಮು. ಚಹಾ.
ಯಾರೋ ಅವಳ ಸುದ್ದಿ ತೆಗೆದರು, ನಾನೇನೋ ಅಂದೆ.
ಅನ್ನುವುದೇನು, ಎಲ್ಲರೂ ಅನ್ನುವುದೇ.

ಆ ವಾರದ ಕೊನೆಯ ಹಾಳೆ:
'ಪಾಪದ ಹುಡುಗಿ, ಪಾಸಾದರೆ ಸಾಕು.'
ಕೆಂಪು ಗೆರೆ ಇರಲಿಲ್ಲ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಕೆ:
'ಇಲ್ಲಿ ಯಂತ್ರ ತಪ್ಪಿಲ್ಲ ಸರ್.'

ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಪೆನ್ನಿನ ಮುಚ್ಚಳ ಎಲ್ಲಿ ಬಿತ್ತೋ, ಇವತ್ತಿಗೂ ಸಿಕ್ಕಿಲ್ಲ.
ಸೋಮವಾರ ಮೈಕು ಮೇಜಿನ ಮೇಲೆ ಅದೇ ಜಾಗದಲ್ಲಿತ್ತು.
ನಾನು ಹೇಳಿದ ಮೊದಲ ಮಾತು
ನದಿಯದ್ದಲ್ಲ.
ಅವಳು ಓದಿದಳು, ತಲೆಯೆತ್ತಲಿಲ್ಲ,
ನೋಟ್‌ಬುಕ್ಕಿನ ಹೊಸ ಪುಟ ತೆರೆದು ತಾರೀಕು ಬರೆದಳು.

ಸಂಜೆ ರೈಲು ನಿಲ್ದಾಣ.
ಘೋಷಣೆ ಒಂದಾದ ಮೇಲೊಂದು ಭಾಷೆಯಲ್ಲಿ ಕಿರುಚುತ್ತಿದೆ,
ಪಕ್ಕದವನ ಮಾತು ಪಕ್ಕದವನಿಗಿಲ್ಲ.
ಈಚೆ ಪ್ಲಾಟ್‌ಫಾರಂನಲ್ಲಿ ಉಪ್ಪಳದ ರೈಲಿಗೆ ಮಿಸ್ರಿಯಾ,
ಆಚೆ ಪಯ್ಯನ್ನೂರಿನ ಗೆಳತಿ.
ಹಳಿಗಳ ಮೇಲೆ ನಾಲ್ಕು ಕೈಗಳ ಹರಟೆ
ಏನು ಸಲೀಸು, ಏನು ವೇಗ!
ನನಗೆ ಒಂದಕ್ಷರ ತಿಳಿಯಲಿಲ್ಲ.
ಯಾರಾದರೂ ಏನಾದರೂ ಸಿಕ್ಕಿಸಬಾರದೆ
ಆ ಬೆರಳುಗಳಿಗೆ, ನನಗಾಗಿ?

ಆಮೇಲೆ ಅವಳು ಎರಡು ಬೆರಳು
ಮೂಗಿನ ಕೆಳಗಿಟ್ಟು ಅತ್ತಿತ್ತ ಎಳೆದಳು.
ಗೆಳತಿ ಬಗ್ಗಿ ಬಗ್ಗಿ ನಕ್ಕಳು.
ಅದೊಂದು ಮಾತ್ರ ಗೊತ್ತಾಯಿತು:
ಮೀಸೆ.