ಷರಾ

ಫೆರೋ ದ್ವೀಪಗಳ ತೆಂಕಲ ತುದಿ, ವೋವುರ್ ಎಂಬ ಊರು,
ಮೀನು ಕಾರ್ಖಾನೆಯ ಹಿಂದಿನ ಉಪ್ಪಿನ ಮೂಟೆಗಳ ಕೋಣೆ.
ಎಂಬತ್ತೇಳರ ಮಾರ್ಚಿನಲ್ಲಿ ಒಂಬತ್ತು ದಿನ
ಟೆಲಿಫೋನ್ ಕಂಪನಿಯ ಸಂಬಳಕ್ಕೆ ಅಲ್ಲಿ ಕೂತಿದ್ದೆ,
ಎರಡು ಯಂತ್ರಗಳ ಮಾತು ಕದ್ದು ಕೇಳುತ್ತ.

ಈ ದಡದಲ್ಲೊಂದು ಕಂಪ್ಯೂಟರ್, ಮಗ್ಗುಲಿಗೆ ಅದರ ಮೋಡೆಮ್.
ನೀರಿನಾಚೆ ಟೋರ್ಶಾವ್ನಿನ ಆಫೀಸಿನಲ್ಲಿ ಇನ್ನೊಂದು ಜೋಡಿ.
ನಡುವೆ, ಕವೆಗೋಲಿನ ಹಾಗೆ ಕವಲೊಡೆದ ನನ್ನ ಕೇಬಲ್ಲು.
ಕೇಳುವುದಕ್ಕೆ ಅದರಲ್ಲಿ ಎರಡು ತಂತಿ,
ಹೇಳುವುದಕ್ಕೆ ಒಂದೂ ಇಲ್ಲ.
ಕಾವಲಿಗೆ ಕಿವಿ ಸಾಕು, ಬಾಯಿ ಬೇಡ
ಎಂದು ಮಾಡಿದವರೇ ಮಾಡಿಟ್ಟಿದ್ದರು.

ಮೊದಲು ಆ ಕಿರಿಚಾಟ,
ಕೆಟಲಿನ ಸಿಳ್ಳೆ, ಮರಳು ಜಾಲಿಸಿದ ಸದ್ದು.
ಆಮೇಲೆ ಮೌನ. ತೆರೆಯ ಮೇಲೆ ಬರೀ ಅಂಕಿ,
ಬದಿಗೆ ಅವುಗಳ ಅಕ್ಷರ.
ಮೇಲಿನ ಸಾಲಿನಲ್ಲಿ ಇವನು, ಕೆಳಗಿನದರಲ್ಲಿ ಅವನು.
ಇವನು ಒಂದು ತುತ್ತು ಹೇಳುತ್ತಾನೆ, ನಿಲ್ಲುತ್ತಾನೆ.
ಅವನು ಸೊನ್ನೆ ಆರು ಅಂದರೆ: ಹೂಂ.
ಒಂದು ಐದು ಅಂದರೆ: ಊಹೂಂ, ಇನ್ನೊಂದ್ಸಲ ಹೇಳು.
ಮೊಮ್ಮಗು ಹೂಂಗುಟ್ಟದೆ ಅಜ್ಜಿಯ ಕಥೆ ಮುಂದಕ್ಕೆ ಹೋಗದಲ್ಲ,
ಅದೇ ಕಟ್ಟಳೆ.

ಕಾಡ್ ನಾನ್ನೂರ ಮೂವತ್ತು ಪೆಟ್ಟಿಗೆ. ಹೂಂ.
ಹ್ಯಾಡಕ್ ತೊಂಬತ್ತು. ಹೂಂ.
ತಲೆ ಕಡಿದದ್ದು ಇಷ್ಟು, ಕಡಿಯದ್ದು ಇಷ್ಟು,
ಮಂಜುಗಡ್ಡೆಯ ತೂಕ ಕಳೆದು. ಹೂಂ.

ಬೆಳಗಿನ ಹನ್ನೊಂದರ ಕರೆ ಸಲೀಸು.
ಮೂರೂ ನಲವತ್ತರದಕ್ಕೆ ಮಾತ್ರ ದೆವ್ವ ಮೆಟ್ಟುತ್ತಿತ್ತು.
ಮೀನು ಇರಬೇಕಾದಲ್ಲಿ ಕಂಸ, ಅಲೆಗೆರೆ, ಕಸ.
ಊಹೂಂ. ಊಹೂಂ. ಊಹೂಂ.
ಹತ್ತನೆಯದಕ್ಕೆ ಇಬ್ಬರೂ ಮುನಿಸಿಕೊಂಡು ಫೋನಿಡುವರು.
'ತೇವ ಕಣಯ್ಯ,' ಅಂದ ಆಚೆಯಿಂದ ಹೆರ್ಗೈರ್.
ತೇವವೇನು ಗಡಿಯಾರ ನೋಡಿಕೊಂಡು ಬರುತ್ತದೆಯೇ?

ಏಳನೆಯ ದಿನ ಕಂಬಗಳ ಜಾಡು ಹಿಡಿದು ಗುಡ್ಡ ಹತ್ತಿದೆ.
ಮರವೊಂದೂ ಇಲ್ಲದ ಆ ಇಳಿಜಾರಿನಲ್ಲಿ
ಬೆನ್ನು ತುರಿಸಿಕೊಳ್ಳಬೇಕೆಂದರೆ
ಲೋಕಕ್ಕೆಲ್ಲ ಹದಿನಾಲ್ಕನೆಯ ಕಂಬವೊಂದೇ.
ಒಡೆಯ ಮೂರೂವರೆಗೆ ಮೇವು ಹಾಕಿ ಹೋಗುತ್ತಾನಂತೆ;
ಉಂಡ ಮೇಲೆ ಕೆರೆತ.
ಕರೀ ಟಗರು, ಕಣ್ಣು ಅರೆಮುಚ್ಚಿ,
ಸಡಿಲವಾದ ಜಂಕ್ಷನ್ ಪೆಟ್ಟಿಗೆಗೆ ಮೈಯೊತ್ತಿ
ಇಡೀ ದ್ವೀಪದ ಲೆಕ್ಕವನ್ನು ಅಲ್ಲಾಡಿಸುತ್ತಿತ್ತು.
ಎರಡು ಸ್ಕ್ರೂ ಬಿಗಿದೆ. ಟಗರು ನೋಡಿತು,
ನಾನು ಇಳಿಯುವವರೆಗೂ ಕಾದು ಮತ್ತೆ ಶುರುಮಾಡಿತು.
ಲೈನು ಮಾತ್ರ ಮಿಸುಕಲಿಲ್ಲ.

ಅಂದೇ ಹೊರಡಬಹುದಿತ್ತು.
'ಖಾತ್ರಿಗೆ ಇನ್ನೆರಡು ದಿನ' ಎಂದು ಬರೆದು ಕಳಿಸಿದೆ. ಸುಳ್ಳು.

ಪ್ರತಿ ಕರೆಯ ಕೊನೆಗೆ ಒಂದು ಅಂಕಣ: ಷರಾ.
ಯಾವ ಬಂದರಿನವರೂ ತುಂಬುವುದಿಲ್ಲ.
ತೂಕದ ಕಟ್ಟೆಯ ರನ್ವಾ ಒಂದು ದಿನವೂ ಖಾಲಿ ಬಿಟ್ಟವಳಲ್ಲ.
'ಇವತ್ತು ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸಿತು.'
'ಎಡಗೈ ಗ್ಲೌಸು ನೀರುಪಾಲು. ಬಲಗೈಯದಕ್ಕೆ ಬೇಸರ.'
'ಅಮ್ಮ ನನ್ನನ್ನು ತನ್ನ ಅಕ್ಕ ಅಂದುಕೊಂಡಳು.
ಅಕ್ಕನಂತೆಯೇ ಗದರಿದೆ. ಸೂಪು ಕುಡಿದಳು.'

ಆಚೆಯ ಯಂತ್ರ ಎಲ್ಲಕ್ಕೂ ಹೂಂಗುಟ್ಟುತ್ತದೆ,
ತಾಳೆ ನೋಡುತ್ತದೆ, ಒಂದಕ್ಷರ ತಪ್ಪಿದರೂ ಮತ್ತೆ ಹೇಳಿಸುತ್ತದೆ,
ಆಮೇಲೆ ಷರಾ ಇದ್ದಷ್ಟನ್ನೂ ಕತ್ತರಿಸಿ ಎಸೆಯುತ್ತದೆ.
'ಡಿಸ್ಕಿನಲ್ಲಿ ಜಾಗ ಉಳಿಯಲಿ ಅಂತ,' ಅಂದ ಹೆರ್ಗೈರ್.
'ಯಾಕೆ, ಅಲ್ಲಿ ಏನಾದರೂ ಬರ್ತಿದೆಯಾ?'
ಇಲ್ಲ, ಅಂದೆ.

ವರದಿ ಬರೆದೆ. ದೋಷದ ಮೂಲ: ಟಗರು. ಪರಿಹಾರ: ಎರಡು ಸ್ಕ್ರೂ.
ಷರಾ ಎಂದಿದ್ದ ಕಡೆ ಪೆನ್ನು ಊರಿ,
ಚುಕ್ಕೆಯೊಂದು ಹರಡಿ, ಎತ್ತಿದೆ.

ಕೇಬಲ್ಲು ಸುತ್ತಿಕೊಂಡು ಹೊರಟರೆ ತೂಕದ ಕಟ್ಟೆ ಹಾದೇ ಹೋಗಬೇಕು.
ಅವಳ ಒಂದು ಕೈಗೆ ಹಳದಿ ಗ್ಲೌಸು, ಇನ್ನೊಂದಕ್ಕೆ ನೀಲಿ.
ಯಾಕೋ ನಿಂತೆ.
ತೂಕ ಕೇಳಲು ಬಂದವನೆಂದುಕೊಂಡು
ತಲೆಯೆತ್ತದೆ, 'ನಾನ್ನೂರ ಹನ್ನೆರಡು,' ಅಂದಳು.
'ಹೂಂ,' ಅಂದೆ.