ಕಾಯುವುದು

ಹೊಸೂರಿನ ಡಾಕ್ಟರು ಎಕ್ಸ್‌ರೇ ಕಿಟಕಿಗೆ ಹಿಡಿದು
ನೀರಿನಲ್ಲಿ ನಡೆಸಿ, ಅಂದರು.
ದಿನಕ್ಕೆ ಅರ್ಧ ಗಂಟೆ, ಎದೆಮಟ್ಟ, ಬೆಚ್ಚಗಿರಲಿ.
ಬಸ್ಸು ಮತ್ತಿಗಿರಿ ದಾಟಿದ ಮೇಲೆ ಮರಿಲಿಂಗಮ್ಮ ಕೇಳಿದಳು:
ಅಷ್ಟು ನೀರು ಯಾವ ಹಂಡೆಯಲ್ಲಿ ಕಾಯಿಸ್ತೀರಿ?

ದೆಂಕಣಿಕೋಟೆಯ ಚಳಿ ನಿಮಗೆ ಗೊತ್ತಿಲ್ಲ.
ನಾವು ಧನುರ್ಮಾಸ ಅನ್ನುತ್ತೇವೆ, ಪಕ್ಕದ ಸೆಲ್ವಿ ಮಾರ್ಗಳಿ ಅನ್ನುತ್ತಾಳೆ,
ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಇಬ್ಬರಿಗೂ ಕಲ್ಲು.

ಹಿತ್ತಿಲಲ್ಲಿ ತೊಟ್ಟಿಯೊಂದಿತ್ತು.
ಇಪ್ಪತ್ತಡಿ, ಹತ್ತಡಿ, ಆಳ ನಾಲ್ಕೂವರೆ.
ಗುಲಾಬಿ ಕಂಪನಿ ನಮ್ಮ ನೆಲ ಗುತ್ತಿಗೆಗೆ ಹಿಡಿದು
ಕಟ್ಟಿಸಿ, ಮುಚ್ಚಿಕೊಂಡು ಹೋಗುವಾಗ ಬಿಟ್ಟುಹೋದದ್ದು.
ಅದೇ ಕಂಪನಿಯ ಕೋಲ್ಡ್ ಸ್ಟೋರಿನಲ್ಲಿ ಇವಳು
ಹದಿನೇಳು ವರ್ಷ ನಿಂತಳು,
ಸ್ವೆಟರಿನ ಮೇಲೆ ಸ್ವೆಟರು,
ದಂಟು ಅಳೆದು ಅಳೆದು ಮೊಗ್ಗು ವಿಂಗಡಿಸುತ್ತಾ
ನಲವತ್ತು, ಐವತ್ತು, ಅರವತ್ತು ಸೆಂಟಿಮೀಟರು.
ಹೂವು ಅರಳದ ಹಾಗೆ ತಡೆದ ಚಳಿ
ಅವಳ ಮಂಡಿಯಲ್ಲಿ ಅರಳಿತು.

ಗುಜರಿಯಲ್ಲಿ ಡ್ರಿಪ್ ಪೈಪು ಕಿಲೋ ಲೆಕ್ಕ.
ಗುಲಾಬಿ ಬುಡಕ್ಕೆ ಹನಿ ಹಾಕಿದ ಪೈಪು, ಅಡಿಗೊಂದು ತೂತು.
ಸಾವಿರದ ಇನ್ನೂರು ತೂತಿಗೆ
ಸಾವಿರದ ಇನ್ನೂರು ಬಿರಡೆ ಒತ್ತಿದೆ,
ಹೆಬ್ಬೆರಳು ನೀಲಿಗಟ್ಟಿತು.
ಚಕ್ಕುಲಿ ಸುತ್ತಿದ ಹಾಗೆ ತಗಡಿನ ಮೇಲೆ ಸುತ್ತಿದೆ.
ಶಾಲೆಯ ಕರಿಹಲಗೆಗೆ ಬಳಿದು ಉಳಿದ ಬಣ್ಣ
ಹೆಡ್‌ಮೇಡಂ ಡಬ್ಬದ ಸಮೇತ ಕೊಟ್ಟರು.
ಬಳಿದು, ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿದೆ:
ಬರೆಯಪ್ಪಾ ಸೂರ್ಯ, ಅದೇನು ಬರೀತೀಯೋ.

ಮೊದಲ ದಿನ ಪೈಪಿನ ಬಾಯಿಂದ ಬಂದ ನೀರು ಅಂಗೈ ಸುಟ್ಟಿತು.
ಕುಣಿದುಬಿಟ್ಟೆ.
ತೊಟ್ಟಿಗೆ ಸುದ್ದಿಯೇ ಮುಟ್ಟಿರಲಿಲ್ಲ.
ಜ್ವರದ ಥರ್ಮಾಮೀಟರು ಅದ್ದಿದೆ; ಪಾದರಸ ಏಳಲಿಲ್ಲ.
ಜ್ವರ ಇಲ್ಲ ಬಿಡಿ, ಅಂದಳು ಕಟ್ಟೆಯ ಮೇಲಿಂದ,
ನಾಳೆ ಇಸ್ಕೂಲಿಗೆ ಕಳಿಸಬಹುದು.

ಆಮೇಲೆ ಒಂಬತ್ತು ದಿನ ಮೋಡ.
ನೀರು ಕಾಯಲಿಲ್ಲ.
ನಾನು ಕಾದೆ.
ಎರಡಕ್ಕೂ ನಮ್ಮಲ್ಲಿ ಒಂದೇ ಮಾತು ಅನ್ನೋದು
ಲೇತಿನ ಮುಂದೆ ಜೀವ ಸವೆಸಿದವನಿಗೆ
ಅರವತ್ತೊಂದರಲ್ಲಿ, ಖಾಲಿ ಕೂತಾಗ ಹೊಳೆಯಿತು.

ಬಿಸಿಲು ಬಂದ ಮೂರನೇ ಸಂಜೆ
ಮೊಣಕೈ ಅದ್ದಿ ನೋಡಿದೆ,
ಎಳೆಗೂಸಿನ ಸ್ನಾನದ ನೀರು ನೋಡುವ ಹಾಗೆ.
ಬಾ, ಅಂದೆ.
ನೈಟಿಯ ಮೇಲೆ ಕಂಪನಿಯ ಸ್ವೆಟರು ತೊಟ್ಟೇ ಇಳಿದಳು.
ಏಣಿ ಮುಗಿದಲ್ಲಿ ನಿಂತು ನನ್ನ ಮುಖ ನೋಡಿದಳು:
ಎದೆಗೆ ಬಿಸಿ ಇದೆ.
ಮಂಡಿಗೆ ಕೋಲ್ಡ್ ಸ್ಟೋರು.

ಬಿಸಿ ಮೇಲೇ ತೇಲುತ್ತದೆ.
ಎಂಟನೇ ಕ್ಲಾಸಿನ ಪಾಠ, ಮರೆತಿದ್ದೆ.
ಮೂವತ್ತಮೂರು ವರ್ಷ
ನೋವು ಹೇಗಿದೆಯೇ ಎಂದು ಕೇಳಿ
ಉತ್ತರಕ್ಕೆ ಮುಂಚೆ ಬೂಟು ಕಟ್ಟಿ ಶಿಫ್ಟಿಗೆ ಹೊರಟವನು ನಾನು;
ನನಗಾದರೂ ಗೊತ್ತಿರಬೇಕಿತ್ತು.

ಮಾರನೇ ದಿನ ಪೈಪಿನ ಬಾಯಿಗೆ ಇಟ್ಟಿಗೆ ಕಟ್ಟಿ
ತಳಕ್ಕೆ ಇಳಿಸಿದೆ.
ಕತ್ತಲಾಗುವ ಮುಂಚೆ
ಹಸಿರುಮನೆಯ ಹಳೇ ಪ್ಲಾಸ್ಟಿಕ್ಕು ಎಳೆದು ಹೊದಿಸಿದೆ,
ಸೆಲ್ವಿ ಆ ತುದಿ ಹಿಡಿದಳು.
ಹಗಲು ಕಾದದ್ದನ್ನು ರಾತ್ರಿ ಕಾಯಬೇಕು,
ಇಲ್ಲದಿದ್ದರೆ ಈ ಊರಿನ ಆಕಾಶ
ಬೆಳಗಾಗುವಷ್ಟರಲ್ಲಿ ಹೀರಿ ಬಿಡುತ್ತದೆ.

ಈಗ ನಡೆಯುತ್ತಾಳೆ, ಈ ಗೋಡೆಯಿಂದ ಆ ಗೋಡೆಗೆ.
ಹೆಜ್ಜೆ ಎಣಿಸುವುದೂ ಹಳೇ ಚಾಳಿಯಲ್ಲೇ:
ನಲವತ್ತು, ಐವತ್ತು, ಅರವತ್ತು.
ಸೆಲ್ವಿ ಕಾಲು ಇಳಿಬಿಟ್ಟು ಬಟಾಣಿ ಸುಲಿಯುತ್ತಾಳೆ,
ಸಿಪ್ಪೆ ನೀರಿಗೆ ಬೀಳಿಸಿ ಬೈಸಿಕೊಳ್ಳುತ್ತಾಳೆ.

ಎಷ್ಟು ಡಿಗ್ರಿ ಅಂತ ನೋಡಿದವರೆಲ್ಲ ಕೇಳುತ್ತಾರೆ.
ನನ್ನ ಥರ್ಮಾಮೀಟರು ಅಷ್ಟು ಕೆಳಗಿನಿಂದ ಓದುವುದಿಲ್ಲ.
ತಿರುಗುವ ಕಡೆ, ಮಂಡಿ ಮಡಿಸುವಾಗ,
ಅವಳ ಹುಬ್ಬು ನೋಡಿಕೊಳ್ಳುತ್ತೇನೆ.