ಮೂರನೆಯ ಗುಂಡಿ

ನೂರೆಂಬತ್ತು ಪೌಂಡಿಗೆ ಕೊಟ್ಟಳು ಮಾವಿಸ್.
ಬಿಸ್ಕತ್ತಿನ ತಗಡು ಡಬ್ಬಿ ಪುಕ್ಕಟೆ;
ಅದರೊಳಗೆ ರೇಡಿಯೋ, ಪೆನ್ಸಿಲಿನಲ್ಲಿ ಗೀಚಿದ ಚೀಟಿ,
ಸುರುಳಿ ಸುತ್ತಿದ ಹತ್ತು ಮೀಟರು ತಂತಿ.
“ಒಳಗಿರುವುದನ್ನೆಲ್ಲ ಅಳಿಸಿಬಿಡು ಮಗಳೇ,” ಅಂದಳು,
“ಇಲ್ಲದಿದ್ದರೆ ನಮ್ಮ ಸಿರಿಲ್ ಥರ
ತನ್ನಷ್ಟಕ್ಕೆ ತಾನೇ ವಟಗುಟ್ಟೀತು.”

ಹಗಲೆಲ್ಲ ಲ್ಯಾಂಕಾಸ್ಟರಿನ ಆಸ್ಪತ್ರೆಯಲ್ಲಿ
ಮೈ ತೂರುವ ಕಿರಣಗಳ ಕೆಲಸ ನನ್ನದು.
ಉಸಿರು ಹಿಡಿಯಿರಿ. ಬಿಡಿ. ಮುಂದಿನವರು.
ಸಂಜೆ ಬೇಕಾದದ್ದು ಬೇರೆ ಜಾತಿಯ ಅಲೆ,
ಯಾರ ಎಲುಬನ್ನೂ ಎಣಿಸದೆ
ಮೇಲಕ್ಕೆ ಹೋಗಿ, ಆಕಾಶಕ್ಕೆ ತಲೆ ಬಡಿದು
ಮತ್ತೆಲ್ಲೋ ಯಾರದೋ ಕಿವಿಗೆ ಇಳಿಯುವಂಥದ್ದು.

ತೂಕ ಒಂದು ಸೇರು ಅಕ್ಕಿಯಷ್ಟೂ ಇಲ್ಲ.
ಶಕ್ತಿ ಐದೇ ವ್ಯಾಟು: ದೇವರ ಪಟದ ಮುಂದಿನ
ಕೆಂಪು ಬಲ್ಬಿಗೆ ಸಾಕಾದೀತು.
ಮೋರ್ಕಮ್ ಊರಿನ ಕಲ್ಲುಜೆಟ್ಟಿಯ ತುದಿಯಲ್ಲಿ
ಗಾಳ ಹಾಕುವವರ ನಡುವೆ ನಾನೂ ಒಂದು ಕೋಲು ನೆಟ್ಟು
ತಂತಿ ಏರಿಸುತ್ತೇನೆ.
“ಏನಾದರೂ ಬಿತ್ತೇ?” ಕೇಳುತ್ತಾನೆ ನಾಯಿ ಹಿಡಿದ ಮುದುಕ.
“ಒಬ್ಬ ಬಲ್ಗೇರಿಯದವನು. ಸಣ್ಣವನು. ಬಿಟ್ಟುಬಿಟ್ಟೆ.”

ಇದರ ಭಾಷೆ ನನಗೆ ಪೂರಾ ಹೊಸದಲ್ಲ.
ಎಂಟನೇ ಕ್ಲಾಸಿನಲ್ಲಿ ಚನ್ನವೀರಯ್ಯ ಮೇಷ್ಟ್ರು
ಮೇಜಿಗೆ ಬೆತ್ತ ತಟ್ಟಿ ಕಲಿಸಿದ್ದು, ಯಮಾತಾರಾಜಭಾನಸಲಗಂ;
ಅದೇ ಲಘು, ಅದೇ ಗುರು,
ನಡುವಿನ ಪದ್ಯ ಬಿದ್ದುಹೋಗಿದೆ ಅಷ್ಟೆ.
‘ನನ್ನದಾಯಿತು, ನೀನು ಹೇಳು’ ಅನ್ನಲಿಕ್ಕೆ
ಗುರು ಲಘು ಗುರು. ಶುದ್ಧ ರಗಣ.
ಮೇಷ್ಟ್ರಿಗೆ ಗೊತ್ತಿದ್ದರೆ
ಎರಡು ಅಂಕ ಹೆಚ್ಚಿಗೆ ಕೊಡುತ್ತಿದ್ದರೋ ಏನೋ.

ಮೂರು ಗುಂಡಿಗಳ ನೆನಪು ಈ ಪೆಟ್ಟಿಗೆಗೆ.
ಮೊದಲನೆಯದರಲ್ಲಿ ಅವನ ಕರೆಹೆಸರು; ಅಳಿಸಿ ನನ್ನದು ಬರೆದೆ.
ಎರಡನೆಯದರಲ್ಲಿ ಊರು, ಹವೆ; ಅಳಿಸಿದೆ.
ಮೂರನೆಯದರಲ್ಲಿ ಒಂದೇ ಪದ,
ಇಂಗ್ಲಿಷಿನ ಮೂರಕ್ಷರದ ಟೀ,
ಕೊನೆಯ ಗುರುವನ್ನು ತುಸು ಎಳೆದು
ಕೈಯಿಂದಲೇ ಬಡಿದು ತುಂಬಿಸಿದ್ದು.
ಅಡಿಗೆಮನೆಯಿಂದ ಮಾವಿಸ್ ಕೂಗಿದಳೆಂದರೆ
ಮಾತು ಎಲ್ಲಿತ್ತೋ ಅಲ್ಲಿಗೇ ಬಿಟ್ಟು
ಅದನ್ನೊತ್ತಿ ಏಳುತ್ತಿದ್ದನಂತೆ.
ಅಳಿಸಲಿಲ್ಲ. ಯಾಕೆಂದು ಕೇಳಬೇಡಿ,
ಸೋಮಾರಿತನ ಅನ್ನಿ.

ಮಾರ್ಚಿನ ಒಂದು ಸಂಜೆ, ಉಬ್ಬರ ಏರುವ ಹೊತ್ತು,
ಫ್ಯಾರೋ ದ್ವೀಪದ ಹಾನುಸ್ ಎಂಬವನೊಡನೆ
ಗಾಳಿ, ಮಂಜು, ಅವನ ಕುರಿಗಳ ಕಾಲುಬೇನೆ.
ಬೆರಳು ಮರಗಟ್ಟಿತ್ತು.
ಒಂದನ್ನು ಒತ್ತಲು ಹೋಗಿ ಮೂರನ್ನು ಒತ್ತಿದೆ.

ಆಚೆ ಯಾರೂ ಇಲ್ಲ.
ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಬರೀ ಆಕಾಶ.
ಆಮೇಲೆ ನಿಧಾನಕ್ಕೆ, ಅಕ್ಷರ ಅಕ್ಷರ ಬಿಡಿಸಿ, ಸಿರಿಲ್.
ಹಿಂದೆಯೇ
ಎರಡು ಲಘು, ಎರಡು ಗುರು, ಎರಡು ಲಘು.
ಅದು ಪ್ರಶ್ನೆಯ ಚಿಹ್ನೆ.

ಅಲ್ಲ ಎಂದೆ. ಅವನದೇ ಪೆಟ್ಟಿಗೆ ಎಂದೆ.
ನಮ್ಮ ಈ ಕುಲದಲ್ಲಿ ಸತ್ತರು ಅನ್ನುವುದಿಲ್ಲ,
ಕೀಲಿ ಮೌನವಾಯಿತು ಅನ್ನುತ್ತಾರೆ.
ಹಾಗೆಂದೆ. ಎರಡು ವರ್ಷ ಎಂದೆ.
ರಗಣ ಹಾಕಿ ಬಿಟ್ಟುಕೊಟ್ಟೆ.

ಬ್ಯಾಟರಿಯ ಕೊನೆಯ ಗೆರೆ ಮಿಟುಕುತ್ತಿತ್ತು.
ನಾಯಿಯ ಮುದುಕ ಹಿಂದಿರುಗುತ್ತ ಒಂದು ಗಳಿಗೆ ನಿಂತ,
ಇವತ್ತು ಏನೂ ಕೇಳಲಿಲ್ಲ.
ನೀರು ಮೂರನೇ ಮೆಟ್ಟಿಲು ಮುಟ್ಟಿತು.
ಹಾನುಸ್ ಅಯ್ಯೋ ಅನ್ನಲಿಲ್ಲ,
ವಿದಾಯಕ್ಕೆಂದು ಎಲ್ಲರೂ ಹಾಕುವ ಎಪ್ಪತ್ತಮೂರೂ ಹಾಕಲಿಲ್ಲ.
ತನ್ನದೇ ಕೈಯಿಂದ, ಕೊನೆಯದನ್ನು ತುಸು ಎಳೆದು:
ಗುರು. ಲಘು. ಲಘು ಗುರು.

ತಂತಿ ಸುತ್ತುತ್ತಿದ್ದಂತೆ ಬಾಯಿ ತಾನಾಗಿ
ಆ ಬಡಿತಕ್ಕೆ ಕನ್ನಡ ಕೂಡಿಸಿತು:
ಬಾ, ಕುಡಿ, ಬಾ.
ಮೇಷ್ಟ್ರೇ, ಮಾತ್ರೆ ಸರಿಯಾಗಿದೆ, ನೋಡಿ ಬೇಕಾದರೆ.

ಮಾವಿಸ್ ಮನೆ ನನ್ನ ಬಸ್ಸಿನ ದಾರಿಯಲ್ಲೇ ಇದೆ.
ಇಳಿಯಲೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ
ಅವಳ ಸ್ಟಾಪು ದಾಟಿತು.
ಮುಂದಿನದರಲ್ಲಿ ಇಳಿದು
ಹಿಂದಕ್ಕೆ ನಡೆದೆ.